ಹಣಕಾಸು ಕ್ಯಾಲ್ಕುಲೇಟರನ್ನು ಶೇರ್‌ವೇರ್ ಆಗಿ ಹಂಚುವುದು: ಲೆಕ್ಕ ಪುಕ್ಕಟೆ ಇರಲಿ, ಕಾಗದಕ್ಕೆ ಬೆಲೆ ಇಡಿ

ಪ್ರಶ್ನೆ: ಸಾಲದ ಕಂತು, ಚಕ್ರಬಡ್ಡಿ, ಹೂಡಿಕೆಯ ಐಆರ್‌ಆರ್ (ಆಂತರಿಕ ಪ್ರತಿಫಲ ದರ), ನಿವ್ವಳ ಪ್ರಸ್ತುತ ಮೌಲ್ಯ (ಮುಂದೆ ಬರುವ, ಹೋಗುವ ಹಣದ ಇಂದಿನ ಬೆಲೆ) ಇವನ್ನೆಲ್ಲ ಲೆಕ್ಕ ಹಾಕುವ ಒಂದು ಡೆಸ್ಕ್‌ಟಾಪ್ ತಂತ್ರಾಂಶವನ್ನು ಬರೆದಿದ್ದೇನೆ. ಅದನ್ನು ಶೇರ್‌ವೇರ್ ಆಗಿ, ಅಂದರೆ ಮೊದಲು ಬಳಸಿ ನೋಡಿ ಆಮೇಲೆ ಹಣ ಕೊಡಿ ಎಂಬ ಪದ್ಧತಿಯಲ್ಲಿ, ಹಂಚುವ ಆಸೆ. 30 ದಿನಗಳ ಪ್ರಾಯೋಗಿಕ ಅವಧಿ ಇಟ್ಟರೆ ಸಾಕೇ, ಅಥವಾ ಕೆಲವು ಸೌಲಭ್ಯಗಳನ್ನು ಮುಚ್ಚಿಡಬೇಕೇ? ನೋಂದಣಿ ಕೀ (ಹಣ ಕೊಟ್ಟವರಿಗೆ ಪೂರ್ಣ ಪ್ರತಿ ತೆರೆಯಲು ಕೊಡುವ ಸಂಕೇತ) ನಕಲಾಗದಂತೆ ತಡೆಯುವುದು ಹೇಗೆ? ಎಲ್ಲಿ ಹಂಚಬೇಕು, ಹಣ ಹೇಗೆ ಪಡೆಯಬೇಕು? ಲೆಕ್ಕ ತಪ್ಪಿ ಯಾರಿಗಾದರೂ ನಷ್ಟವಾದರೆ ಹೊಣೆ ನನ್ನದಾಗುತ್ತದೆಯೇ? ಬಾಂಡ್ (ಬಡ್ಡಿ ಕೊಡುವ ಸಾಲಪತ್ರ) ಲೆಕ್ಕವನ್ನೂ ಮೊದಲ ಆವೃತ್ತಿಯಲ್ಲೇ ಸೇರಿಸಲೇ?

ಉತ್ತರ: ನೀವು ಮೊದಲು ಕೇಳಿರುವ 30 ದಿನಗಳ ವಿಚಾರದಿಂದಲೇ ಶುರು ಮಾಡೋಣ. ಬಹುಪಾಲು ಜನ ಅದನ್ನು ಯೋಚನೆಯಿಲ್ಲದೆ ಇಟ್ಟುಬಿಡುತ್ತಾರೆ. ಹಣಕಾಸು ಕ್ಯಾಲ್ಕುಲೇಟರಿಗೆ ಅಷ್ಟು ಒಗ್ಗದ ಪದ್ಧತಿ ಇನ್ನೊಂದಿಲ್ಲ.

ಶೇರ್‌ವೇರ್ ಹುಟ್ಟಿದ್ದು ದಿನವೂ ಬಳಸುವ ತಂತ್ರಾಂಶಗಳಿಗಾಗಿ. 1982ರಲ್ಲಿ ಆಂಡ್ರ್ಯೂ ಫ್ಲೂಗಲ್‌ಮನ್ ಎಂಬವರು ಪಿಸಿ-ಟಾಕ್ ಎಂಬ ಸಂಪರ್ಕ ತಂತ್ರಾಂಶವನ್ನು, ಜಿಮ್ ಬಟನ್ ಎಂಬ ಹೆಸರಿನಲ್ಲಿ ವ್ಯವಹರಿಸುತ್ತಿದ್ದ ಜಿಮ್ ನಾಫ್ ಅವರು ಪಿಸಿ-ಫೈಲ್ ಎಂಬ ದತ್ತಾಂಶ ತಂತ್ರಾಂಶವನ್ನು ಹೀಗೆ ಹಂಚಿದರು: ನಕಲು ಮಾಡಿ ಯಾರಿಗೆ ಬೇಕಾದರೂ ಕೊಡಿ, ಇಷ್ಟವಾದರೆ ಹಣ ಕಳುಹಿಸಿ. ಮರುವರ್ಷ ಬಂದ ಬಾಬ್ ವ್ಯಾಲೇಸ್ ಅವರ ಪಿಸಿ-ರೈಟ್ ಒಂದು ಹೆಜ್ಜೆ ಮುಂದೆ ಹೋಯಿತು. ಅದನ್ನು ನೋಂದಾಯಿಸಿಕೊಂಡವರಿಗೆ ಒಂದು ಕ್ರಮಸಂಖ್ಯೆ ಸಿಗುತ್ತಿತ್ತು. ಅವರು ಹಂಚಿದ ಪ್ರತಿಯಿಂದ ಇನ್ನೊಬ್ಬರು ನೋಂದಾಯಿಸಿದರೆ ಮೊದಲಿನವರಿಗೆ ಕಮಿಷನ್ ಬರುತ್ತಿತ್ತು. ಪತ್ರ ಬರೆಯುವ ತಂತ್ರಾಂಶ, ವಿಳಾಸಗಳ ಕಡತ ಇವೆಲ್ಲ ಒಮ್ಮೆ ಕೈಗೆ ಹತ್ತಿದರೆ ಬಿಡದಂಥವು. ತಿಂಗಳು ಕಳೆಯುವ ಹೊತ್ತಿಗೆ ಬಳಕೆದಾರನ ಸ್ವಂತ ಕಡತಗಳೆಲ್ಲ ಅದರೊಳಗೆ ಸೇರಿಬಿಟ್ಟಿರುತ್ತವೆ. ಹಾಗಾಗಿ ಅವಧಿ ಮುಗಿಯಿತು ಎಂಬ ಸೂಚನೆಗೆ ಅಲ್ಲಿ ತೂಕವಿತ್ತು.

ನಿಮ್ಮ ತಂತ್ರಾಂಶವನ್ನು ತೆರೆಯುವವರು ಯಾರು ಎಂದು ನೋಡಿ. ಮನೆ ಸಾಲ ತೆಗೆದುಕೊಳ್ಳಲು ಹೊರಟವರು ಒಂದು ಸಂಜೆ ಕುಳಿತು ಮೊತ್ತ, ದರ, ಅವಧಿ ಮೂರನ್ನೂ ಹತ್ತಾರು ರೀತಿಯಲ್ಲಿ ಬದಲಿಸಿ ನೋಡುತ್ತಾರೆ, ತೀರ್ಮಾನಕ್ಕೆ ಬರುತ್ತಾರೆ, ಮುಚ್ಚುತ್ತಾರೆ. ಮತ್ತೆ ತೆರೆಯುವುದು ಯಾವಾಗಲೋ. ಇವರಿಗೆ 30 ದಿನಗಳ ಗಡುವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎರಡು ವರ್ಷ ಕಳೆದು ಸಾಲದ ಒಂದು ಭಾಗವನ್ನು ಮುಂಚಿತವಾಗಿ ತೀರಿಸಬೇಕೆನಿಸಿದಾಗ ತೆರೆದರೆ "ಅವಧಿ ಮುಗಿದಿದೆ" ಎಂದು ಬರುತ್ತದೆ. ಆಗ ಹಣ ಕೊಡುತ್ತಾರೆಂದು ಎಣಿಸಬೇಡಿ, ಇದೇ ಲೆಕ್ಕವನ್ನು ಪುಕ್ಕಟೆ ಮಾಡಿಕೊಡುವ ಯಾವುದಾದರೂ ಜಾಲತಾಣಕ್ಕೆ ಹೋಗುತ್ತಾರೆ. ಕಂತಿನ ಸೂತ್ರ ಯಾರ ಸ್ವತ್ತೂ ಅಲ್ಲ. ಎಲ್ಲ ಸ್ಪ್ರೆಡ್‌ಶೀಟ್‌ಗಳಲ್ಲೂ ಅದಕ್ಕೊಂದು ಸಿದ್ಧ ಫಂಕ್ಷನ್ ಇದೆ. ಲೆಕ್ಕವನ್ನು ಮಾರುತ್ತೇನೆ ಎಂದು ಹೊರಟರೆ ನೀವು ಪುಕ್ಕಟೆಯ ಜತೆ ಪೈಪೋಟಿಗೆ ನಿಲ್ಲಬೇಕಾಗುತ್ತದೆ.

ಇನ್ನು ಕೆಲವರು ಸೌಲಭ್ಯ ಮುಚ್ಚಿಡುತ್ತಾರೆ. ಆಟಗಳಲ್ಲಿ ಇದು ಬಹಳ ಚೆನ್ನಾಗಿ ನಡೆಯಿತು. 1993ರಲ್ಲಿ ಬಂದ ಡೂಮ್ ಆಟದ ಮೊದಲ ಭಾಗ ಪುಕ್ಕಟೆಯಾಗಿ ಹರಡಿತು, ಮುಂದಿನ ಭಾಗಗಳಿಗೆ ಜನ ಹಣ ಕೊಟ್ಟರು. ಆದರೆ ಹಣಕಾಸಿನ ಲೆಕ್ಕದಲ್ಲಿ ಅರ್ಧ ಉತ್ತರ ಎಂಬುದಿಲ್ಲ. ಪ್ರಾಯೋಗಿಕ ಪ್ರತಿಯಲ್ಲಿ ಅವಧಿಯನ್ನು 60 ತಿಂಗಳಿಗೆ ಸೀಮಿತಗೊಳಿಸುವುದು, ದಶಮಾಂಶದ ನಂತರದ ಅಂಕಿಗಳನ್ನು ಮರೆಮಾಡುವುದು, ಮೊತ್ತಕ್ಕೆ ಮಿತಿ ಹಾಕುವುದು ಇವನ್ನೆಲ್ಲ ನೋಡಿದ್ದೇನೆ. ಎಲ್ಲಕ್ಕಿಂತ ಕೆಟ್ಟದ್ದು ಬೇಕೆಂದೇ ಒರಟು ಉತ್ತರ ಕೊಟ್ಟು "ನಿಖರ ಉತ್ತರಕ್ಕೆ ನೋಂದಾಯಿಸಿ" ಎನ್ನುವುದು. ಕ್ಯಾಲ್ಕುಲೇಟರ್ ಒಮ್ಮೆ ತಪ್ಪು ಹೇಳಿತೆಂದರೆ ಮುಗಿಯಿತು. ತಪ್ಪು ಹೇಳಿದ್ದು ಪ್ರಾಯೋಗಿಕ ಪ್ರತಿಯೋ ಪೂರ್ಣ ಪ್ರತಿಯೋ ಎಂದು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಹಾಗಾದರೆ ಹಣ ಕೊಡುವವರು ಯಾರು? ದಿನಕ್ಕೆ ನಾಲ್ಕಾರು ಜನರನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ತೋರಿಸುವವರು: ಹಣಕಾಸು ಸಲಹೆಗಾರರು, ಲೆಕ್ಕಪರಿಶೋಧಕರು, ಸಾಲ ಕೊಡಿಸುವ ಮಧ್ಯವರ್ತಿಗಳು, ಆಸ್ತಿ ವ್ಯವಹಾರದವರು. ಇವರಿಗೂ ಅಂಕಿ ಪುಕ್ಕಟೆ ಸಿಗುತ್ತದೆ. ಇವರಿಗೆ ಬೇಕಾಗಿರುವುದು ಆ ಅಂಕಿಯನ್ನು ಇನ್ನೊಬ್ಬರ ಕೈಗೆ ಕೊಡಬಹುದಾದ ಕಾಗದ: ತಿಂಗಳು ತಿಂಗಳಿನ ಮರುಪಾವತಿ ಪಟ್ಟಿ, ಅಸಲೆಷ್ಟು ಬಡ್ಡಿಯೆಷ್ಟು ಎಂಬ ವಿವರ, ಎರಡು ಸಾಲಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಹೋಲಿಕೆ, ಮೇಲೆ ತಮ್ಮ ಸಂಸ್ಥೆಯ ಹೆಸರು.

ಆದ್ದರಿಂದ ನನ್ನ ಸಲಹೆ ಇದು. ಲೆಕ್ಕವನ್ನು ಪೂರ್ತಿಯಾಗಿ, ನಿಖರವಾಗಿ, ಕಾಲದ ಮಿತಿಯಿಲ್ಲದೆ ಪುಕ್ಕಟೆ ಕೊಡಿ. ಮರುಪಾವತಿ ಪಟ್ಟಿಯನ್ನು ಪರದೆಯ ಮೇಲೆ ಕೊನೆಯ ಸಾಲಿನವರೆಗೂ ತೋರಿಸಿ. ನೋಂದಾಯಿಸದ ಪ್ರತಿಯಲ್ಲೂ ಮುದ್ರಣಕ್ಕೆ ಅವಕಾಶ ಇರಲಿ, ಆದರೆ ಪ್ರತಿ ಪುಟದ ಮೇಲೂ "ನೋಂದಾಯಿಸದ ಪ್ರತಿಯಿಂದ ಸಿದ್ಧಪಡಿಸಿದ್ದು" ಎಂಬ ಒಂದು ಸಾಲು ಮೂಡಲಿ. ಮನೆಯವರಿಗೆ ಅದರಿಂದ ಏನೂ ತೊಂದರೆಯಿಲ್ಲ, ಸಂತೋಷವಾಗಿ ಬಳಸುತ್ತಾರೆ, ನಾಲ್ಕು ಜನಕ್ಕೆ ಹೇಳುತ್ತಾರೆ. ಗಿರಾಕಿಯ ಮುಂದೆ ಕುಳಿತ ಸಲಹೆಗಾರನಿಗೆ ಮಾತ್ರ ಆ ಸಾಲು ಮುಜುಗರ ತರುತ್ತದೆ. ಆ ಮುಜುಗರಕ್ಕೆ ನೀವು ಬೆಲೆ ಇಡುತ್ತಿದ್ದೀರಿ. ಕಡತವನ್ನು ಉಳಿಸಿಕೊಳ್ಳುವುದು, ಸ್ಪ್ರೆಡ್‌ಶೀಟಿಗೆ ರವಾನಿಸುವುದು, ಹಲವು ಗಿರಾಕಿಗಳ ಲೆಕ್ಕಗಳನ್ನು ಒಟ್ಟಿಗೆ ಇಡುವುದು ಇವನ್ನೂ ನೋಂದಾಯಿತ ಪ್ರತಿಗೆ ಬಿಡಬಹುದು. ತೆರೆದಾಗಲೆಲ್ಲ ಹತ್ತು ಸೆಕೆಂಡು ಕಾಯಿಸುವ ಕಿಟಕಿಯನ್ನು ಮಾತ್ರ ಹಾಕಬೇಡಿ. ಹತ್ತು ಸೆಕೆಂಡಿನ ಲೆಕ್ಕಕ್ಕೆ ಹತ್ತು ಸೆಕೆಂಡು ಕಾಯುವವರು ಯಾರಿದ್ದಾರೆ?

ಕೀ ವಿಚಾರಕ್ಕೂ ಇಲ್ಲೇ ಉತ್ತರ ಸಿಗುತ್ತದೆ. ನಕಲನ್ನು ಪೂರ್ತಿ ತಡೆಯುವ ವಿಧಾನ ಇಲ್ಲ. ಬಳಕೆದಾರನ ಯಂತ್ರದಲ್ಲೇ ಓಡುವ ತಂತ್ರಾಂಶವನ್ನು ಸಮಯವಿರುವ ಯಾರಾದರೂ ತಿದ್ದಬಹುದು. ಆದರೆ ಕೀಯೊಳಗೆ ಕೊಂಡವರ ಹೆಸರನ್ನೇ ಸೇರಿಸಿ, ಆ ಹೆಸರೇ ವರದಿಯ ನೆತ್ತಿಯಲ್ಲಿ ಅಚ್ಚಾಗುವಂತೆ ಮಾಡಿದರೆ ಪರಿಸ್ಥಿತಿ ಬದಲಾಗುತ್ತದೆ. ಒಬ್ಬ ಸಲಹೆಗಾರ ತನ್ನ ಕೀಯನ್ನು ಪಕ್ಕದ ಕಚೇರಿಯವನಿಗೆ ಕೊಟ್ಟನೆನ್ನಿ. ಆ ಪಕ್ಕದ ಕಚೇರಿಯವನು ತನ್ನ ಗಿರಾಕಿಗೆ ಪ್ರತಿಸ್ಪರ್ಧಿಯ ಹೆಸರಿರುವ ಕಾಗದ ಕೊಡುತ್ತಾನೆಯೇ? ನಿಮ್ಮ ಕಾವಲಿನ ಕೆಲಸವನ್ನು ಕೊಂಡವರ ವ್ಯಾಪಾರದ ಸ್ವಾರ್ಥವೇ ಮಾಡುತ್ತದೆ.

ತಾಂತ್ರಿಕವಾಗಿ ಇದಕ್ಕೆ ಡಿಜಿಟಲ್ ಸಹಿ ಸಾಕು. ಹೆಸರು, ಆವೃತ್ತಿ, ಕೊಂಡ ದಿನಾಂಕ ಈ ಮೂರನ್ನು ಒಂದು ಸಣ್ಣ ಪಠ್ಯವಾಗಿ ಜೋಡಿಸಿ ನಿಮ್ಮ ಖಾಸಗಿ ಕೀಯಿಂದ ಸಹಿ ಮಾಡಿ. ತಂತ್ರಾಂಶದೊಳಗೆ ಸಾರ್ವಜನಿಕ ಕೀ ಮಾತ್ರ ಇರುತ್ತದೆ, ಅದು ಸಹಿಯನ್ನು ಪರೀಕ್ಷಿಸಬಲ್ಲದೇ ಹೊರತು ಹೊಸ ಸಹಿ ಹುಟ್ಟಿಸಲಾರದು. ಹಳೆಯ ಕಾಲದಲ್ಲಿ ತಂತ್ರಾಂಶದೊಳಗೇ ಅಡಗಿಸಿಟ್ಟ ಗುಟ್ಟಿನ ಸೂತ್ರದಿಂದ ಕೀ ತಯಾರಾಗುತ್ತಿತ್ತು. ಅದನ್ನು ಅಗೆದು ತೆಗೆದವರು ಬೇಕಾದಷ್ಟು ಕೀಗಳನ್ನು ಅಚ್ಚು ಹಾಕುತ್ತಿದ್ದರು. ಸಹಿ ಪದ್ಧತಿಯಲ್ಲಿ ಆ ದಾರಿ ಮುಚ್ಚುತ್ತದೆ. ಒಂದು ತೊಡಕು ಮಾತ್ರ ಇದೆ. ಎಡ್25519 ಪದ್ಧತಿಯ ಸಹಿ 64 ಬೈಟ್ ಉದ್ದ. ಅಕ್ಷರ ಮತ್ತು ಅಂಕಿಗಳಾಗಿ ಬೇಸ್32ರಲ್ಲಿ ಬರೆದರೆ 103 ಅಕ್ಷರಗಳಾಗುತ್ತವೆ. ಅಷ್ಟನ್ನು ಕೈಯಿಂದ ಟೈಪ್ ಮಾಡಿ ಎಂದರೆ ಜನ ಶಪಿಸುತ್ತಾರೆ. ಕೀಯನ್ನು ಚಿಕ್ಕ ಕಡತವಾಗಿ ಮಿಂಚಂಚೆಯಲ್ಲಿ ಕಳುಹಿಸಿ, ಅದನ್ನು ತಂತ್ರಾಂಶದ ಮೇಲೆ ಎಳೆದು ಬಿಟ್ಟರೆ ನೋಂದಣಿ ಆಗುವಂತೆ ಮಾಡಿ. ಖಾಸಗಿ ಕೀಯ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಭದ್ರವಾಗಿ ಇಡಿ. ಅದು ಕಳೆದುಹೋದರೆ ಈಗಾಗಲೇ ಹೊರಗಿರುವ ಪ್ರತಿಗಳಿಗೆ ಹೊಸ ಕೀ ಕೊಡಲು ನಿಮಗೇ ಆಗುವುದಿಲ್ಲ.

ಅಂತರ್ಜಾಲದ ಮೂಲಕ ಸಕ್ರಿಯಗೊಳಿಸುವ ವ್ಯವಸ್ಥೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಇತರ ತಂತ್ರಾಂಶಗಳಲ್ಲಿ ಅದನ್ನು ಒಪ್ಪುತ್ತೇನೆ, ಇಲ್ಲಿ ಒಪ್ಪುವುದಿಲ್ಲ. ಇದರಲ್ಲಿ ಜನ ತುಂಬುವುದು ತಮ್ಮ ಸಾಲ, ತಮ್ಮ ಸಂಬಳ, ತಮ್ಮ ಗಿರಾಕಿಗಳ ಆಸ್ತಿ. ತೆರೆದ ಕೂಡಲೇ ಫೈರ್‌ವಾಲ್ "ಈ ತಂತ್ರಾಂಶ ಹೊರಗೆ ಸಂಪರ್ಕಿಸಲು ಯತ್ನಿಸುತ್ತಿದೆ" ಎಂದರೆ ಅವರಿಗೆ ಏನನ್ನಿಸಬೇಕು? ಹೊರಗೆ ಒಂದು ಬೈಟನ್ನೂ ಕಳುಹಿಸದ ತಂತ್ರಾಂಶ ಎಂದು ಧೈರ್ಯವಾಗಿ ಹೇಳಿಕೊಳ್ಳಬಲ್ಲಿರಾದರೆ ಅದೇ ನಿಮ್ಮ ದೊಡ್ಡ ಜಾಹೀರಾತು. ಹೊಸ ಆವೃತ್ತಿ ಬಂದಿದೆಯೇ ಎಂದು ನೋಡುವುದನ್ನೂ ಬಳಕೆದಾರ ಗುಂಡಿ ಒತ್ತಿದಾಗ ಮಾತ್ರ ಮಾಡಿ.

ಈಗ ನಿಖರತೆ. ನಿಮ್ಮ ಪ್ರಶ್ನೆಯಲ್ಲಿ ಇದು ಹೊಣೆಗಾರಿಕೆಯ ನೆಪದಲ್ಲಿ ಬಂದಿದೆ, ಆದರೆ ಮಾರಾಟದ ಜೀವಾಳವೂ ಇದೇ. ನಿಮ್ಮ ತಂತ್ರಾಂಶವನ್ನು ಇಳಿಸಿಕೊಂಡ ವೃತ್ತಿಪರ ಮೊದಲು ಮಾಡುವ ಕೆಲಸ ತನಗೆ ಉತ್ತರ ಗೊತ್ತಿರುವ ಒಂದು ಲೆಕ್ಕವನ್ನು ಕೊಟ್ಟು ನೋಡುವುದು. ಅವನ ಮೇಜಿನ ಮೇಲೆ ಎಚ್‌ಪಿ-12ಸಿ ಎಂಬ ಹಣಕಾಸು ಕ್ಯಾಲ್ಕುಲೇಟರ್ ಯಂತ್ರ ಇರಬಹುದು. 1981ರಲ್ಲಿ ಬಂದ ಆ ಯಂತ್ರವನ್ನು ಇಂದಿಗೂ ಪ್ರಮಾಣವೆಂದು ನಂಬುವವರಿದ್ದಾರೆ. ಇಲ್ಲವೇ ಸ್ಪ್ರೆಡ್‌ಶೀಟ್ ತೆರೆದಿರುತ್ತದೆ. ಎರಡರಲ್ಲೊಂದರ ಜತೆ ನಿಮ್ಮ ಅಂಕಿ ಹೊಂದದಿದ್ದರೆ ತಪ್ಪು ನಿಮ್ಮದೇ ಎಂದು ತೀರ್ಪಾಗುತ್ತದೆ. ಸಮಸ್ಯೆಯೆಂದರೆ ಆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ಒಂದು ಲೆಕ್ಕ ನೋಡಿ. ಸಾಲ 10,00,000, ಬಡ್ಡಿ ತಿಂಗಳಿಗೆ ಶೇ 0.75, ಕಂತು 10,000. ಎಷ್ಟು ತಿಂಗಳಲ್ಲಿ ತೀರುತ್ತದೆ? ಸ್ಪ್ರೆಡ್‌ಶೀಟ್ ಸುಮಾರು 185.53 ಎನ್ನುತ್ತದೆ. ಎಚ್‌ಪಿ-12ಸಿ 186 ಎನ್ನುತ್ತದೆ, ಏಕೆಂದರೆ ಕಂತುಗಳ ಸಂಖ್ಯೆಯನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸುವುದು ಅದರ ಕ್ರಮ. ಎರಡೂ ಸರಿ. ನಿಮ್ಮ ತಂತ್ರಾಂಶ "185 ಪೂರ್ಣ ಕಂತುಗಳು, 186ನೆಯದು ಚಿಕ್ಕ ಕಂತು" ಎಂದು ಆ ಕೊನೆಯ ಕಂತಿನ ಮೊತ್ತವನ್ನೂ ತೋರಿಸಿದರೆ ಎರಡೂ ಕಡೆಯವರಿಗೆ ಸಮಾಧಾನ. ಇಂಥ ಕಡೆಗಳಲ್ಲೇ ಪುಕ್ಕಟೆ ತಾಣಗಳನ್ನು ನೀವು ಹಿಂದೆ ಹಾಕುವುದು.

ಇದಕ್ಕಿಂತ ಹೆಚ್ಚು ದೂರು ಬರುವುದು ಕೊನೆಯ ಕಂತಿನ ಬಗ್ಗೆ. ಅದೇ 10,00,000, ವರ್ಷಕ್ಕೆ ಶೇ 9, 240 ತಿಂಗಳು. ಸೂತ್ರದ ಪ್ರಕಾರ ಕಂತು 8,997.26. ಸಾಲ ಕೊಟ್ಟವರು ಚಿಲ್ಲರೆ ಬೇಡವೆಂದು 8,997ಕ್ಕೆ ಇಳಿಸುತ್ತಾರೆ ಎಂದುಕೊಳ್ಳಿ. ತಿಂಗಳಿಗೆ 0.26 ತಾನೇ, ಹೋದರೆ ಹೋಗಲಿ ಅನ್ನಿಸುತ್ತದೆ. ಆದರೆ ಆ ಕೊರತೆಯೂ ಬಡ್ಡಿ ಹೊತ್ತುಕೊಂಡು ಬೆಳೆಯುತ್ತದೆ. 240ನೆಯ ತಿಂಗಳಿನಲ್ಲಿ ಅದು ಸುಮಾರು 173 ಆಗಿ ನಿಂತಿರುತ್ತದೆ, ಕೊನೆಯ ಕಂತು ಸುಮಾರು 9,170 ಆಗಬೇಕಾಗುತ್ತದೆ. ಅದೇ 8,998ಕ್ಕೆ ಏರಿಸಿದ್ದರೆ ಕೊನೆಯ ಕಂತು 8,500ರ ಆಸುಪಾಸಿಗೆ ಇಳಿಯುತ್ತದೆ. ಎಷ್ಟೋ ತಂತ್ರಾಂಶಗಳು ಈ ಗೊಡವೆಗೇ ಹೋಗದೆ 240ನೆಯ ಸಾಲಿನಲ್ಲಿ ಬಾಕಿಯನ್ನು ಬಲವಂತವಾಗಿ ಸೊನ್ನೆ ಮಾಡಿಬಿಡುತ್ತವೆ. ಅಸಲಿನ ಕಾಲಮ್ಮನ್ನು ಕೈಯಿಂದ ಕೂಡಿ ನೋಡುವವನು ಒಬ್ಬ ಇದ್ದೇ ಇರುತ್ತಾನೆ, ಮೊತ್ತ 10,00,000 ಬರದಿದ್ದರೆ ಅವನೇ ನಿಮಗೆ ಪತ್ರ ಬರೆಯುವುದು. ಪಟ್ಟಿಯ ಪ್ರತಿ ಸಾಲಿನಲ್ಲೂ ಬಡ್ಡಿಯನ್ನು ಮೊದಲು ನಾಣ್ಯದ ಕನಿಷ್ಠ ಘಟಕಕ್ಕೆ ದುಂಡಗಾಗಿಸಿ, ಉಳಿದದ್ದನ್ನು ಅಸಲೆಂದು ತೆಗೆದುಕೊಳ್ಳಿ, ಕೊನೆಯ ಕಂತನ್ನು ಉಳಿದ ಬಾಕಿಯಿಂದ ಕಟ್ಟಿ. ಕಂತನ್ನು ಮೇಲಕ್ಕೆ ಏರಿಸಬೇಕೋ ಕೆಳಕ್ಕೆ ಇಳಿಸಬೇಕೋ ಎಂಬುದನ್ನು ಬಳಕೆದಾರನ ಆಯ್ಕೆಗೆ ಬಿಡಿ.

ಮೊತ್ತಗಳನ್ನು ಸಾಮಾನ್ಯ ದ್ವಿಮಾನ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳಾಗಿ ಇಟ್ಟಿದ್ದೀರಾ? ಹಾಗಿದ್ದರೆ ಬದಲಿಸಿ. ಆ ಪದ್ಧತಿಯಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಬರುತ್ತದೆ, ನೂರಾರು ಸಾಲುಗಳ ಪಟ್ಟಿಯಲ್ಲಿ ಈ ದೂಳು ಎಲ್ಲೋ ಒಂದು ಕಡೆ ದುಂಡಗಾಗಿಸುವ ಗಡಿ ದಾಟುತ್ತದೆ. ಮೊತ್ತಕ್ಕೆ ಪೂರ್ಣಾಂಕ ಅಥವಾ ದಶಮಾನ ಮಾದರಿಯ ಸಂಖ್ಯೆ ಬಳಸಿ. ಬಡ್ಡಿದರ ಸೊನ್ನೆಯಾದಾಗ ಕಂತಿನ ಸೂತ್ರ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಹೋಗುತ್ತದೆ. ಬಡ್ಡಿಯಿಲ್ಲದ ಕಂತಿನ ಯೋಜನೆಗಳು ಎಲ್ಲೆಡೆ ಇವೆ, ಅಲ್ಲಿ ಮೊತ್ತವನ್ನು ತಿಂಗಳುಗಳಿಂದ ಭಾಗಿಸಿ ಕೊಡುವ ಪ್ರತ್ಯೇಕ ದಾರಿ ಇರಬೇಕು.

ಐಆರ್‌ಆರ್ ಇನ್ನೂ ಜಾರು ನೆಲ. ಇದಕ್ಕೆ ನೇರ ಸೂತ್ರವಿಲ್ಲ, ಊಹಿಸಿ ತಿದ್ದುತ್ತ ಹೋಗಬೇಕು. ನ್ಯೂಟನ್ನನ ವಿಧಾನ ವೇಗವಾದದ್ದು, ಆದರೆ ಆರಂಭದ ಊಹೆ ಕೆಟ್ಟರೆ ಎಲ್ಲಿಗೋ ಹಾರಿಹೋಗುತ್ತದೆ. ಉತ್ತರವನ್ನು ಎರಡು ಗಡಿಗಳ ನಡುವೆ ಹಿಡಿದು ಕಿರಿದಾಗಿಸುವ ಬ್ರೆಂಟ್ ವಿಧಾನವನ್ನು ಬೆನ್ನಿಗೆ ಇಟ್ಟುಕೊಳ್ಳಿ. ಅದಾದ ಮೇಲೂ ಒಂದು ಪರೀಕ್ಷೆ ಮಾಡಿ: ಮೊದಲು 100 ಹೂಡಿಕೆ, ಒಂದು ವರ್ಷಕ್ಕೆ 230 ವಾಪಸು, ಎರಡನೆಯ ವರ್ಷಕ್ಕೆ ಮತ್ತೆ 132 ಖರ್ಚು. ಇದರ ಐಆರ್‌ಆರ್ ಶೇ 10 ಕೂಡ ಹೌದು, ಶೇ 20 ಕೂಡ ಹೌದು. ನಿಮ್ಮ ತಂತ್ರಾಂಶ ಒಂದನ್ನು ಮಾತ್ರ ತೋರಿಸಿ ಸುಮ್ಮನಾದರೆ ಅದು ಸುಳ್ಳಿಗೆ ಸಮ. ಹಣದ ಹರಿವಿನ ಚಿಹ್ನೆ ಒಂದಕ್ಕಿಂತ ಹೆಚ್ಚು ಸಲ ಬದಲಾದರೆ ಒಂದಕ್ಕಿಂತ ಹೆಚ್ಚು ಉತ್ತರಗಳಿರಬಹುದು ಎಂಬ ಎಚ್ಚರಿಕೆ ತೋರಿಸಿ. ನಿವ್ವಳ ಪ್ರಸ್ತುತ ಮೌಲ್ಯದಲ್ಲೂ ಒಂದು ಹಳೆಯ ತೊಡಕು ಇದೆ. ಎಕ್ಸೆಲ್‌ನ ಎನ್‌ಪಿವಿ ಫಂಕ್ಷನ್ ಮೊದಲ ಮೊತ್ತವನ್ನೂ ಒಂದು ಅವಧಿಯ ನಂತರದ್ದೆಂದು ಭಾವಿಸಿ ಕಡಿತ ಮಾಡುತ್ತದೆ. ಇಂದೇ ಹೂಡಿದ ಮೊತ್ತವನ್ನು ಅದರ ಹೊರಗೆ ಕೂಡಬೇಕು. ನಿಮ್ಮ ಸಹಾಯ ಪುಟದಲ್ಲಿ ಈ ವ್ಯತ್ಯಾಸವನ್ನು ಎರಡು ಸಾಲಿನಲ್ಲಿ ಬರೆದುಬಿಟ್ಟರೆ ಬರುವ ಪತ್ರಗಳಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ.

ದೇಶ ದಾಟಿ ಹಂಚುವುದಾದರೆ "ವರ್ಷಕ್ಕೆ ಶೇ 6" ಎಂಬುದರ ಅರ್ಥವೂ ಬದಲಾಗುತ್ತದೆ. ಸಾಮಾನ್ಯವಾಗಿ 12ರಿಂದ ಭಾಗಿಸಿ ತಿಂಗಳಿಗೆ ಶೇ 0.5 ಎನ್ನುತ್ತೇವೆ. ಕೆನಡಾದ ಸ್ಥಿರ ದರದ ಗೃಹ ಸಾಲಗಳಲ್ಲಿ ಬಡ್ಡಿ ಆರು ತಿಂಗಳಿಗೊಮ್ಮೆ ಚಕ್ರವಾಗುತ್ತದೆ, ಆದ್ದರಿಂದ ಅದೇ ಶೇ 6 ತಿಂಗಳ ಲೆಕ್ಕದಲ್ಲಿ ಸುಮಾರು ಶೇ 0.4939 ಆಗುತ್ತದೆ. ಅಂಕಿಗಳನ್ನು ಬರೆಯುವ ಕ್ರಮವೂ ಹಾಗೆಯೇ. ಒಂದು ಕಡೆ 10,00,000, ಇನ್ನೊಂದು ಕಡೆ 1,000,000, ಮತ್ತೊಂದು ಕಡೆ ಅಲ್ಪವಿರಾಮವೇ ದಶಮಾಂಶದ ಗುರುತು. ಯಂತ್ರದ ಪ್ರಾದೇಶಿಕ ಹೊಂದಾಣಿಕೆಯನ್ನು ಓದಿಕೊಳ್ಳಿ, 1,250 ಎಂದು ಟೈಪ್ ಮಾಡಿದವರಿಗೆ ಒಂದೂಕಾಲರ ಲೆಕ್ಕ ಕೊಡಬೇಡಿ. ದಿನಾಂಕಗಳಲ್ಲಿ ಜನವರಿ 31ರಂದು ಶುರುವಾದ ಸಾಲವನ್ನು ಪರೀಕ್ಷಿಸಿ. ಮುಂದಿನ ಕಂತು ಫೆಬ್ರವರಿ 28, ಸರಿ. ಅದರ ಮುಂದಿನದು ಮಾರ್ಚ್ 31 ಆಗಬೇಕು. ಹಿಂದಿನ ಕಂತಿನ ದಿನಾಂಕಕ್ಕೆ ಒಂದು ತಿಂಗಳು ಕೂಡುತ್ತ ಹೋದವರ ಪಟ್ಟಿಯಲ್ಲಿ ಅಲ್ಲಿಂದಾಚೆ ಎಲ್ಲವೂ 28ಕ್ಕೇ ಸಿಕ್ಕಿಕೊಳ್ಳುತ್ತದೆ. ಯಾವಾಗಲೂ ಮೂಲ ದಿನಾಂಕದಿಂದ ಎಣಿಸಿ.

ಹೊಣೆಗಾರಿಕೆಗೆ ಬರೋಣ. ಪರವಾನಗಿ ಪತ್ರದಲ್ಲಿ "ಇದ್ದದ್ದು ಇದ್ದಂತೆ ಕೊಡಲಾಗಿದೆ, ನಷ್ಟಕ್ಕೆ ಹೊಣೆಯಿಲ್ಲ, ಇದು ಹಣಕಾಸು ಸಲಹೆಯಲ್ಲ" ಎಂದು ಬರೆಯಲೇಬೇಕು. ಆದರೆ ಗ್ರಾಹಕ ಕಾನೂನುಗಳು ದೇಶದಿಂದ ದೇಶಕ್ಕೆ ಬೇರೆ, ಇಂಥ ವಾಕ್ಯ ಎಲ್ಲ ಕಡೆ ಪೂರ್ತಿ ರಕ್ಷಣೆ ಕೊಡುವುದಿಲ್ಲ. ನಿಮ್ಮಲ್ಲಿನ ವಕೀಲರೊಬ್ಬರಿಗೆ ಒಮ್ಮೆ ತೋರಿಸಿ. ಇದಕ್ಕಿಂತ ಹೆಚ್ಚಾಗಿ ನಿಮ್ಮನ್ನು ಕಾಯುವುದು ವರದಿಯ ಕೆಳಗಿನ ಒಂದು ಸಣ್ಣ ಸಾಲು: ತಂತ್ರಾಂಶದ ಆವೃತ್ತಿ, ಬಡ್ಡಿ ಚಕ್ರವಾಗುವ ಕ್ರಮ, ದುಂಡಗಾಗಿಸಿದ ರೀತಿ, ಕಂತು ತಿಂಗಳ ಆರಂಭದ್ದೋ ಕೊನೆಯದ್ದೋ. ಯಾವ ಆಧಾರಗಳ ಮೇಲೆ ಅಂಕಿ ನಿಂತಿದೆ ಎಂದು ಕಾಗದವೇ ಹೇಳಿದರೆ "ನನಗೆ ಗೊತ್ತಿರಲಿಲ್ಲ" ಎಂಬ ಮಾತಿಗೆ ಎಡೆಯಿಲ್ಲ. ನಾಳೆ ಒಂದು ದೋಷ ಪತ್ತೆಯಾದರೆ ಯಾವ ಆವೃತ್ತಿಯ ಕಾಗದಗಳು ಕೆಟ್ಟವು ಎಂದು ಕೊಂಡವರು ತಾವೇ ಗುರುತಿಸಿಕೊಳ್ಳಬಹುದು. ದೋಷ ಸಿಕ್ಕಾಗ "ಕೆಲವು ಸುಧಾರಣೆಗಳು" ಎಂದು ಬರೆದು ಜಾರಿಕೊಳ್ಳಬೇಡಿ. ಯಾವ ಲೆಕ್ಕ, ಯಾವ ಸಂದರ್ಭ, ಎಷ್ಟರ ಮಟ್ಟಿಗೆ ತಪ್ಪಿತ್ತು ಎಂದು ಬರೆದು ಎಲ್ಲ ನೋಂದಾಯಿತರಿಗೂ ಪತ್ರ ಕಳುಹಿಸಿ.

ಹಂಚುವ ಜಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಹಳೆಯ ದಾರಿಗಳು ಬಹುಪಾಲು ಮುಚ್ಚಿವೆ. 1987ರಲ್ಲಿ ಹುಟ್ಟಿದ ಶೇರ್‌ವೇರ್ ವೃತ್ತಿಪರರ ಸಂಘ ಪ್ಯಾಡ್ ಎಂಬ ಎಕ್ಸ್‌ಎಂಎಲ್ ಕಡತದ ಮಾದರಿಯನ್ನು ರೂಪಿಸಿತ್ತು. ಒಂದು ಸಲ ವಿವರ ತುಂಬಿದರೆ ನೂರಾರು ಡೌನ್‌ಲೋಡ್ ತಾಣಗಳು ತಾವೇ ಓದಿಕೊಳ್ಳುತ್ತಿದ್ದವು. ಆ ತಾಣಗಳಲ್ಲಿ ಹಲವು ಇಂದು ಇಲ್ಲ, ಇರುವ ಕೆಲವು ನಿಮ್ಮ ಇನ್‌ಸ್ಟಾಲರಿಗೆ ತಮ್ಮದೊಂದು ಹೊದಿಕೆ ಹಾಕಿ ಬೇಡದ ತಂತ್ರಾಂಶಗಳನ್ನು ತುರುಕುತ್ತವೆ. ಜನ ಬೈಯುವುದು ನಿಮ್ಮನ್ನೇ. ಆದ್ದರಿಂದ "ಮೂಲ ಕಡತವನ್ನು ಬದಲಿಸದೆ, ಏನನ್ನೂ ಸೇರಿಸದೆ, ಪೂರ್ತಿಯಾಗಿ ಮಾತ್ರ ಹಂಚಬಹುದು" ಎಂಬ ಷರತ್ತು ಪರವಾನಗಿಯಲ್ಲಿ ಇರಲಿ, ಕಡತದ ಶಾ-256 ಮೊತ್ತವನ್ನು (ಕಡತ ಬದಲಾಗಿದೆಯೇ ಎಂದು ಗುರುತಿಸುವ, ಬೆರಳಚ್ಚಿನಂಥ ಸಂಕೇತವನ್ನು) ನಿಮ್ಮ ಸ್ವಂತ ತಾಣದಲ್ಲಿ ಪ್ರಕಟಿಸಿ. ವಿಂಡೋಸ್‌ನಲ್ಲಿ ಸಹಿಯಿಲ್ಲದ ಇನ್‌ಸ್ಟಾಲರನ್ನು ತೆರೆದವರನ್ನು ಸ್ಮಾರ್ಟ್‌ಸ್ಕ್ರೀನ್ ಎಂಬ ಅದರದೇ ಕಾವಲು ವ್ಯವಸ್ಥೆ ಹೆದರಿಸಿ ಓಡಿಸುತ್ತದೆ, ಹಾಗಾಗಿ ಕೋಡ್ ಸಹಿಯ ಪ್ರಮಾಣಪತ್ರ ಕೊಳ್ಳಬೇಕು. 2023ರ ಜೂನ್‌ನಿಂದ ಅದರ ಖಾಸಗಿ ಕೀಯನ್ನು ಯಂತ್ರಾಂಶದ ಟೋಕನ್ನಿನಲ್ಲೋ ಅಂಥದೇ ಭದ್ರ ಸೇವೆಯಲ್ಲೋ ಇಡುವುದು ಕಡ್ಡಾಯವಾಗಿದೆ. ಮ್ಯಾಕ್‌ಗೆ ಕೊಡುವುದಾದರೆ ಆಪಲ್‌ನ ನೋಟರೈಸೇಶನ್ ಪರೀಕ್ಷೆ ದಾಟಿಸಬೇಕು. ಗಾತ್ರ ಕುಗ್ಗಿಸಲೆಂದು ಯುಪಿಎಕ್ಸ್‌ನಂಥ ಪ್ಯಾಕರ್ ಬಳಸಬೇಡಿ. ದುಷ್ಟ ತಂತ್ರಾಂಶಗಳೂ ಅದನ್ನೇ ಬಳಸುವುದರಿಂದ ಆಂಟಿವೈರಸ್‌ಗಳು ಸುಳ್ಳು ಎಚ್ಚರಿಕೆ ಕೂಗುತ್ತವೆ.

ಹಣ ಪಡೆಯಲು, ಕಾಗದದ ಮೇಲೆ ತಾನೇ ಮಾರಾಟಗಾರನಾಗಿ ನಿಲ್ಲುವ ಪಾವತಿ ಸಂಸ್ಥೆಯೊಂದನ್ನು ಹಿಡಿಯಿರಿ. ಡಿಜಿಟಲ್ ಸರಕಿನ ಮೇಲಿನ ಮಾರಾಟ ತೆರಿಗೆಯನ್ನು ಹಲವು ದೇಶಗಳು ಕೊಳ್ಳುವವನ ವಾಸಸ್ಥಳದ ಪ್ರಕಾರ ವಿಧಿಸುತ್ತವೆ, ಅದನ್ನು ಸಂಗ್ರಹಿಸಿ ಕಟ್ಟುವ ತಲೆನೋವು ಆ ಸಂಸ್ಥೆಯದಾಗುತ್ತದೆ. ಅವರ ಕಮಿಷನ್ ಬರಿಯ ಕಾರ್ಡ್ ಸಂಸ್ಥೆಗಿಂತ ಹೆಚ್ಚು, ಆದರೂ ಒಬ್ಬರೇ ನಡೆಸುವ ವ್ಯವಹಾರಕ್ಕೆ ಅದೇ ಅಗ್ಗ. ಅವರಲ್ಲಿ ಹಣ ದೊಡ್ಡದಾಗಿ ಗುಡ್ಡೆ ಬೀಳಲು ಬಿಡಬೇಡಿ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ನಿಮ್ಮ ಖಾತೆಗೆ ವರ್ಗಾಯಿಸಿಕೊಳ್ಳುವ ಏರ್ಪಾಡು ಆರಿಸಿಕೊಳ್ಳಿ. ಕೊಂಡವರ ಹೆಸರು ಮತ್ತು ಮಿಂಚಂಚೆಯ ಪಟ್ಟಿಯನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ, ಸಂಸ್ಥೆ ಬಾಗಿಲು ಹಾಕಿದರೂ ನಿಮ್ಮ ಗ್ರಾಹಕರು ನಿಮ್ಮವರಾಗಿರಬೇಕು.

ನೀವು ಕೇಳದಿದ್ದರೂ ಒಂದು ಮಾತು. ಈಗ ಎಲ್ಲರೂ ವಾರ್ಷಿಕ ಚಂದಾ ಪದ್ಧತಿಗೆ ಹೋಗಿ ಎನ್ನುತ್ತಾರೆ. ಚಕ್ರಬಡ್ಡಿಯ ಸೂತ್ರ ವರ್ಷಕ್ಕೊಮ್ಮೆ ಹಳಸುವುದಿಲ್ಲ, ಅದಕ್ಕೆ ವರ್ಷ ವರ್ಷ ಹಣ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಒಂದೇ ಸಲದ ಬೆಲೆ ಇಡಿ. ಕೀಯೊಳಗೆ ಕೊಂಡ ದಿನಾಂಕ ಇದ್ದೇ ಇದೆ, ಅಲ್ಲಿಂದ ಒಂದೆರಡು ವರ್ಷ ಬರುವ ಎಲ್ಲ ಹೊಸ ಆವೃತ್ತಿಗಳೂ ಪುಕ್ಕಟೆ, ನಂತರದವಕ್ಕೆ ರಿಯಾಯಿತಿ ಬೆಲೆ ಎನ್ನಿ. ಹಳೆಯ ಆವೃತ್ತಿ ಮಾತ್ರ ಎಂದೆಂದಿಗೂ ಓಡುತ್ತಿರಬೇಕು. ತೆರಿಗೆಯ ಹಂತಗಳು, ಸೂಚ್ಯಂಕಗಳಂಥ ವರ್ಷ ವರ್ಷ ಬದಲಾಗುವ ಕೋಷ್ಟಕಗಳನ್ನು ಸೇರಿಸುವುದಾದರೆ ಅದು ಬೇರೆ ವಿಚಾರ. ಅವನ್ನು ಪ್ರತ್ಯೇಕ ಕಡತವಾಗಿ ಇಟ್ಟು ಅದಕ್ಕೆ ವಾರ್ಷಿಕ ಶುಲ್ಕ ಕೇಳಬಹುದು, ಏಕೆಂದರೆ ಅಲ್ಲಿ ಪ್ರತಿ ವರ್ಷ ಕೆಲಸ ಮಾಡುವವರು ನೀವು.

ಬಾಂಡ್ ಲೆಕ್ಕವನ್ನು ಮೊದಲ ಆವೃತ್ತಿಯಿಂದ ಕೈಬಿಡಿ. ನೋಡಲು ಅದೂ ಪ್ರಸ್ತುತ ಮೌಲ್ಯದ ಲೆಕ್ಕವೇ, ಆದರೆ ಎರಡು ಬಡ್ಡಿ ದಿನಾಂಕಗಳ ನಡುವೆ ಕೊಂಡ ಬಾಂಡಿನ ಸಂಚಿತ ಬಡ್ಡಿ ಎಣಿಸುವಾಗ ಕಗ್ಗಂಟು ಶುರುವಾಗುತ್ತದೆ. ಎಲ್ಲ ತಿಂಗಳಿಗೂ 30 ದಿನ, ವರ್ಷಕ್ಕೆ 360 ಎಂಬ ಪದ್ಧತಿ ಒಂದು ಕಡೆ, ನಿಜವಾದ ದಿನಗಳನ್ನು 365ರಿಂದ ಭಾಗಿಸುವುದು ಇನ್ನೊಂದು ಕಡೆ, ಅವಧಿಯನ್ನೂ ವರ್ಷವನ್ನೂ ನಿಜವಾದ ದಿನಗಳಲ್ಲೇ ಎಣಿಸುವ ಪದ್ಧತಿ ಮತ್ತೊಂದು. ಎಚ್‌ಪಿ-12ಸಿ ಕೂಡ ವರ್ಷಕ್ಕೆ ಎರಡು ಸಲ ಬಡ್ಡಿ, ನಿಜವಾದ ದಿನಗಳ ಎಣಿಕೆ ಎಂಬ ಒಂದೇ ಕ್ರಮವನ್ನು ಹಿಡಿದು ಬಾಂಡಿನ ಲೆಕ್ಕ ಕೊಡುತ್ತದೆ. ಕಂತು, ಐಆರ್‌ಆರ್, ಪ್ರಸ್ತುತ ಮೌಲ್ಯ ಈ ಮೂರೇ ಇರುವ ಆವೃತ್ತಿಯನ್ನು ಹೊರಗೆ ಬಿಟ್ಟು, ಬಾಂಡ್ ಬೇಕೆಂದು ಬರೆದವರಿಗೆ ಅವರು ಬಳಸುವ ದಿನ ಎಣಿಕೆಯ ಪದ್ಧತಿ ಯಾವುದು, ಕೈಯಲ್ಲಿ ಉತ್ತರ ಗೊತ್ತಿರುವ ಲೆಕ್ಕವೊಂದಿದೆಯೇ ಎಂದು ಕೇಳಿ. ಅಂಥ ಲೆಕ್ಕಗಳು ಒಂದಿಷ್ಟು ಕೂಡಿದ ಮೇಲೆ, ಅವೆಲ್ಲಕ್ಕೂ ನಿಮ್ಮ ಉತ್ತರ ಹೊಂದಿದ ದಿನ, ಎರಡನೆಯ ಆವೃತ್ತಿ ತನ್ನಿ.